ಒಂಬತ್ತು ಪಾದ

ಆ ಸೋಮವಾರವೂ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಶಿಕಾರಿಪುರದ ಮಾರುಕಟ್ಟೆ ಯಾರ್ಡಿನ ಅಂಗಡಿಗೆ ಹೊರಡುವ ಯಜಮಾನರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ತುಂಬಿದೆ. ಕೆಳಗಿನ ಡಬ್ಬಿಯ ಮುಚ್ಚಳ ಎಂದಿನಂತೆ ಸರಿಯಾಗಿ ಕೂರಲಿಲ್ಲ. ಕಟ್ಟೆಯ ಮೇಲಿಟ್ಟು ಅಂಗೈಯಲ್ಲಿ ಗುದ್ದಿದೆ. ಅಷ್ಟರಲ್ಲಿ ಅಮ್ಮ ಸ್ನಾನ, ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಬಂದು ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ. ಅದರಲ್ಲಿ ಹಸಿರು ಇಳಕಲ್ ಸೀರೆ, ಒಂದು ಡಜನ್ ಹಸಿರು ಬಳೆ, ಹಿಂದಿನ ದಿನವೇ ಮಾಡಿಟ್ಟ ಹೋಳಿಗೆ.

"ಬಸ್ಸು ಇರೋದು ಏಳೂವರೆಗಮ್ಮ," ಅಂದೆ.

"ಗೊತ್ತೈತೆ. ನೀನು ನಿನ್ನ ಕೆಲಸ ಮಾಡ್ಕೋ."

ಅಮ್ಮನಿಗೆ ಎಪ್ಪತ್ತೆಂಟು. ಅವಳ ಅವ್ವ ಹೋದಾಗ ಅವಳಿಗೆ ಆರು ವರ್ಷ. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಅವ್ವನ ಸಮಾಧಿಯನ್ನು ನೋಡಿದವಳಲ್ಲ. ಚಿಕ್ಕವಳಿದ್ದಾಗ, ಹೆಣ್ಣುಮಕ್ಕಳು ರುದ್ರಭೂಮಿಗೆ ಹೋಗಬಾರದು ಅಂದರು. ಆಮೇಲೆ ಮದುವೆ, ನಾವು ಮಕ್ಕಳು, ನಮ್ಮ ಮಕ್ಕಳು. ಈ ವರ್ಷ ಅವಳೇ ಬಾಯಿಬಿಟ್ಟು ಕೇಳಿದಳು: "ಒಂದ್ಸಲ ಅವ್ವನ ಹತ್ರ ಕೂತು ಬರ್ಬೇಕು. ಒಂದು ಸೀರೆ ಉಡಿಸ್ಬೇಕು. ಇನ್ನು ಮುಂದೂಡಿದ್ರೆ ನನ್ನ ಕೈಲಾಗಲ್ಲ."

ನಾನು ನನ್ನ ಬ್ಯಾಗಿನಲ್ಲಿ ಒಂದು ನೋಟ್ ಪುಸ್ತಕ ಇಟ್ಟುಕೊಂಡೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಪ್ರಾರ್ಥನಾಮಂದಿರದ ಹಿಂದೆ ಸಿಸ್ಟರುಗಳ ಸಮಾಧಿಗಳಿದ್ದವು. ನವೆಂಬರ್ ತಿಂಗಳಲ್ಲಿ ಅಲ್ಲಿ ಎಲೆ ಗುಡಿಸುವ ಪಾಳಿ ಹಾಸ್ಟೆಲ್ ಹುಡುಗಿಯರದು. ಒಂದೊಂದು ಕಲ್ಲಿನ ಮೇಲೂ ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ. ನಮ್ಮ ಹಿರಿಯರದೂ ಹಾಗೆ ಬರೆದುಕೊಂಡು ಬಂದು ಮಕ್ಕಳಿಗೆ ಕೊಡಬೇಕು ಅನ್ನುವುದು ನನ್ನ ಆಸೆ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಸೊರಬದ ಕಡೆಯ ಅಮ್ಮನ ತವರೂರಿನ ಕ್ರಾಸಿನಲ್ಲಿ ಇಳಿದೆವು. ಮಾವನ ಮಗ ಕಾರು ತಂದು ಕಾಯುತ್ತಿದ್ದ. ಇವನ ಅಪ್ಪ, ಅಂದರೆ ನನ್ನ ಮಾವ, ಅಮ್ಮನಿಗೆ ಮಲತಮ್ಮ. ಅವ್ವ ಹೋದ ಮೇಲೆ ಅಜ್ಜ ಅವ್ವನ ತಂಗಿಯನ್ನೇ ಮದುವೆಯಾಗಿದ್ದರು. ಅಮ್ಮನನ್ನು ಸಾಕಿದ್ದು ಆ ಚಿಕ್ಕವ್ವನೇ. ಅಜ್ಜ, ಚಿಕ್ಕವ್ವ, ಮಾವ, ಈಗ ಯಾರೂ ಇಲ್ಲ.

"ಏನತ್ತೆ, ಮನೆಗೂ ಬರ್ದೆ ಸೀದಾ ರುದ್ರಭೂಮಿಗೇ? ಅಲ್ಲೇನು ಸೀಟು ಭರ್ತಿಯಾಗಲ್ಲ, ನಿಧಾನಕ್ಕೆ ಹೋದ್ರಾಯ್ತು."

"ಸುಮ್ನಿರೋ ಅಳಿಯಾ. ನನ್ನ ಸೀಟು ಶಿಕಾರಿಪುರದಾಗೆ ಬುಕ್ಕಾಗೈತೆ."

ರುದ್ರಭೂಮಿ ಡಾಂಬರು ರಸ್ತೆಯ ಪಕ್ಕದಲ್ಲೇ ಇದೆ. ಹಿಂದುಗಡೆ ಕೆರೆಯ ಏರಿ. ಹೊಂಗೆಮರದ ಕೆಳಗೆ ಯಾರೋ ಬಿಟ್ಟುಹೋದ ಒಂದು ಹಿತ್ತಾಳೆ ಚಂಬು, ಅದರೊಳಗೆ ಒಣಗಿದ ಪತ್ರೆ. ನಾನು ಪುಸ್ತಕ ತೆರೆದು ಸಾಲಿನಿಂದ ಸಾಲಿಗೆ ನಡೆದೆ. ಜಂಬಿಟ್ಟಿಗೆ ಕಲ್ಲಿನ ಅಂಚು, ನಡುವೆ ಮಣ್ಣು, ಅಲ್ಲಲ್ಲಿ ಒಂದು ಪುಟ್ಟ ಲಿಂಗ. ನಮ್ಮವರ ಸಾಲಿಗೆ ಬರುವವರೆಗೂ ಹೆಸರು ಎಲ್ಲಿಯೂ ಕಾಣಲಿಲ್ಲ. ಅಲ್ಲಿಯತನಕ ನನ್ನ ಪುಟದಲ್ಲಿ ಬಿದ್ದದ್ದು ಆ ದಿನದ ತಾರೀಖು ಮಾತ್ರ.

ನಮ್ಮವರವು ಮೂರು ಒಂದೇ ಸಾಲಿನಲ್ಲಿದ್ದವು. ನಡುವೆ ಅಜ್ಜ. ಬಲಕ್ಕೆ ಮಾವನ ಮಗ ನಾಲ್ಕು ವರ್ಷದ ಹಿಂದೆ ಕಪ್ಪು ಗ್ರಾನೈಟ್ ಹಾಕಿಸಿ, ತನ್ನ ಅಜ್ಜಿಯ, ಅಂದರೆ ಚಿಕ್ಕವ್ವನ, ಹೆಸರು ಕೆತ್ತಿಸಿದ ಸಮಾಧಿ. ಎಡಕ್ಕೆ ಲಂಟಾನದ ಪೊದೆ.

"ಅದೇ ನೋಡತ್ತೆ ದೊಡ್ಡಜ್ಜಿದು," ಎಂದು ಅವನು ನಾಚಿಕೊಂಡೇ ಕತ್ತಿ ತಂದು ಪೊದೆ ಸವರಿದ. ಕಲ್ಲಿನ ಅಂಚು ಕಾಣಿಸಿತು.

ಅಮ್ಮ ಸೀರೆ ತೆಗೆಯಲಿಲ್ಲ. ಆ ಅಂಚನ್ನೇ ನೋಡುತ್ತ ನಿಂತಳು. ಆಮೇಲೆ ಚಪ್ಪಲಿ ಬಿಟ್ಟಳು.

"ಅವ್ವ ಹೋದ ದಿನ ಒಬ್ಬ ಬಂದು ಕಡ್ಡಿ ಹಿಡಿದು ಅವಳ ಪಾದ ಅಳೆದ. ಹೊಸ ಚಪ್ಪಲಿ ಹೊಲಿಸ್ತಾರೆ ಅಂದ್ಕೊಂಡಿದ್ದೆ ನಾನು. ಅಳುತಾನೂ ಇರ್ಲಿಲ್ಲ."

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗುಣಿಯ ಅಳತೆ ಅವರವರ ಪಾದದಿಂದಲೇ: ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಅಂಚಿಗೆ ಕಲ್ಲು ಇಡುವುದೂ ಅದೇ ಅಳತೆಗೆ. ಇಷ್ಟು ನನಗೂ ಗೊತ್ತಿತ್ತು. ಆದರೆ ಅದರಿಂದ ಏನು ತಿಳಿಯಬಹುದು ಅನ್ನುವುದು ಹೊಳೆದಿರಲಿಲ್ಲ.

"ಸ್ನಾನ ಮಾಡಿ ಬಂದ್ರೆ ನನ್ನ ಒದ್ದೆ ಹೆಜ್ಜೆ ನೋಡಿ ಚಿಕ್ಕವ್ವ ನಿಂತುಬಿಡೋಳು. ಅಕ್ಕನೇ ನಡೆದುಹೋದಂಗೆ ಐತಲ್ಲೇ ಅನ್ನೋಳು. ತನ್ನದು ಮಾತ್ರ ಗಂಡಸರ ಪಾದ ಅಂತ ನಗೋಳು."

ಅಮ್ಮ ನನ್ನ ಹೆಗಲು ಹಿಡಿದು, ಕಾಲ್ಬೆರಳಿಗೆ ಹಿಮ್ಮಡಿ ತಾಗಿಸಿ, ಅಂಚಿನುದ್ದಕ್ಕೂ ಹೆಜ್ಜೆ ಇಟ್ಟಳು. ಒಂಬತ್ತು ಮುಗಿಯಿತು. ಕೊನೆಯ ಕಲ್ಲು ಇನ್ನೂ ಒಂದು ಗೇಣಿಗಿಂತ ಹೆಚ್ಚು ದೂರವಿತ್ತು.

"ಇದು ಅವ್ವಂದಲ್ಲ."

"ಅಯ್ಯೋ ಅತ್ತೆ, ಕಲ್ಲು ಅತ್ತಿತ್ತ ಸರಿದಿರ್ತವೆ ಬಿಡು!"

"ನೀನು ಆ ಗ್ರಾನೈಟ್ ಹಾಕಿಸ್ವಾಗ ಅಂಚು ಸರಿಸಿದ್ಯಾ?"

"ಇಲ್ಲ. ಹಳೇ ಕಲ್ಲಿನ ಮೇಲೇ ಕೂರಿಸಿದ್ದು. ಬೇಕಾದ್ರೆ ಕಲ್ಲು ಕೂರಿಸಿದ ಗೌಂಡಿನ ಕೇಳು."

ಅಮ್ಮ ಆ ಕಡೆ ಹೋದಳು. ಮತ್ತೆ ನನ್ನ ಹೆಗಲು. ಈ ಸಲ ನಾನೂ ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತನೆಯದಕ್ಕೆ ಅವಳ ಹೆಬ್ಬೆರಳೂ ಕರಿಕಲ್ಲಿನ ಕೊನೆಯೂ ಸಮವಾಗಿದ್ದವು. ಅವಳ ಬೆರಳುಗಳು ನನ್ನ ಹೆಗಲನ್ನು ಒತ್ತಿದವು, ಬಿಡಲಿಲ್ಲ.

ಮಾವನ ಮಗ ಕರಿಕಲ್ಲಿನ ಹತ್ತಿರ ಬಂದ. "'ಬಲಗಡೆದು ನಮ್ಮವ್ವಂದು, ಎಡಗಡೆದು ದೊಡ್ಡವ್ವಂದು' ಅಂತ ಅಪ್ಪನೇ ಹೇಳಿಕೊಟ್ಟಿದ್ದು," ಅಂದ.

"ಎಲ್ಲಿ ನಿಂತು ಹೇಳಿದ?"

ಅವನು ರಸ್ತೆಯನ್ನು ನೋಡಿದ, ಆಮೇಲೆ ಏರಿಯನ್ನು. ಆಗ ಈ ರಸ್ತೆ ಇರಲಿಲ್ಲ. ಎಲ್ಲರೂ ಕೆರೆ ಏರಿಯ ಮೇಲಿಂದ ಬರುತ್ತಿದ್ದರು. ಅವನು ಏರಿಯ ಕಡೆ ಹೋಗಿ, ನಮ್ಮತ್ತ ತಿರುಗಿ ನಿಂತು, ಬಲಗೈ ಎತ್ತಿದ. ಕೈ ಪೊದೆಯ ಕಡೆ ತೋರಿಸಿತು.

"ಎತ್ತಿ ಆಡಿಸಿದ ಅಜ್ಜಿ ಮೇಲೆ ನಾಲ್ಕು ವರ್ಷ ಮುಳ್ಳು ಬೆಳೆಸೀನಲ್ಲಕ್ಕ," ಅಂದ, ನನ್ನ ಕಡೆ ನೋಡಿ. ಅತ್ತೆಯ ಮುಖ ನೋಡಲು ಅವನಿಗೆ ಆಗಲಿಲ್ಲ.

"ನಮ್ಮವ್ವನ್ನ ಚೆನ್ನಾಗಿ ನೋಡ್ಕೊಂಡೀಯಲ್ಲ," ಅಂದಳು ಅಮ್ಮ. "ನೀನೇನು ಬೇರೆಯೋರ ಪೂಜೆ ಮಾಡಿದ್ಯಾ? ಕತ್ತಿ ಇಲ್ಲಿ ಕೊಡು, ಆ ಬುಡ ಇನ್ನೂ ಉಳಿದೈತೆ."

ಅವನು ಕೊಡಲಿಲ್ಲ, ತಾನೇ ಬಗ್ಗಿ ಬುಡ ಸಮೇತ ಕಡಿದ. ಆ ಗ್ರಾನೈಟ್ ಕೀಳಿಸಿ ಇಲ್ಲಿಗೆ ಹಾಕಿಸುತ್ತೇನೆ, ಅಲ್ಲಿಗೆ ಹೊಸದು ಮಾಡಿಸುತ್ತೇನೆ ಅಂದ. "ದೊಡ್ಡಜ್ಜಿ ಹೆಸರು ಏನತ್ತೆ?"

ಅಮ್ಮ ಹೇಳಿದಳು. ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಅವನಿಗೆ ಕೇಳುವ ಹಾಗೆ. ನಾನು ಬರೆದುಕೊಂಡೆ. "ಅಕ್ಷರ ದೊಡ್ಡದಾಗಿರ್ಲಿ," ಅಂದಳು.

ಆಮೇಲೆ ಸೀರೆ ಹಾಸಿದಳು. ಚಿಕ್ಕವ್ವನ ಹೆಸರು ಸೆರಗಿನ ಕೆಳಗೆ ಮುಚ್ಚಿಹೋಯಿತು. ಬಳೆ ಇಟ್ಟಳು, ಎರಡೂ ಸಮಾಧಿಗೆ ಹೋಳಿಗೆ ಎಡೆ ಮಾಡಿದಳು. ನಾವಿಬ್ಬರೂ ದೂರ ಸರಿದೆವು. ಅವಳು ಅರ್ಧ ಗಂಟೆ ಅಲ್ಲಿ ಕೂತು ಏನೇನೋ ಮಾತಾಡಿದಳು. ನನಗೆ ಕೇಳಿಸಿದ್ದು ನನ್ನ ಹೆಸರು, ನನ್ನ ಮಗಳ ಹೆಸರು, "ನಿನ್ನ ಹಂಗೇ ಕುಳ್ಳಿ" ಎಂಬ ಮಾತು. ಎದ್ದಾಗ ಕಣ್ಣು ಕೆಂಪಗಿದ್ದವು. ಎಡೆಯ ಹೋಳಿಗೆಯನ್ನು ಅಲ್ಲೇ ಮೂವರೂ ಹಂಚಿಕೊಂಡು ತಿಂದೆವು.

ಶಿಕಾರಿಪುರಕ್ಕೆ ಬಂದು ಗೇಟು ತೆಗೆಯುವಾಗ ಸಂಜೆ ಆರಾಗಿತ್ತು. ಪಕ್ಕದ ಮನೆಗೆ ಹೋದ ತಿಂಗಳಷ್ಟೇ ಬಂದಿರುವ ಟೈಲರ್ ಹೆಂಡತಿ ಕಾಂಪೌಂಡಿನ ಮೇಲೆ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದಳು.

"ಎಲ್ಲಿಗೆ ಹೋಗಿದ್ರಿ ಅಜ್ಜಿ? ಬೆಳಗ್ಗಿಂದ ಬೀಗ ಹಾಕಿತ್ತಲ್ರೀ."

"ನಮ್ಮವ್ವನ ಹತ್ರ ಹೋಗಿದ್ದೆನಮ್ಮ," ಅಂದಳು ಅಮ್ಮ.

"ಹೌದೇನ್ರೀ? ಹಂಗಾದ್ರೆ ಹಸ್ಕೊಂಡಂತೂ ಕಳಿಸಿರಲ್ಲ ಬಿಡ್ರಿ," ಎಂದು ಅವಳು ಒಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡಳು. "ನಿಮಗಂತ ಎತ್ತಿಟ್ಟ ಅವರೆಕಾಳು ಸಾರು ನಮ್ಮನೆಯೋರಿಗೇ ಬಡಿಸ್ತೀನಿ."