ಬಡಿಸುವವರು ನಮ್ಮವರಾದರೆ...

ಬೆಳಗಿನ ಐದೂವರೆ. ಹಳೆಯ ಬಸ್ ಡಿಪೋದ ಶೆಡ್ಡಿನಲ್ಲಿ ಮೂರು ಹಂಡೆ ಗಂಜಿ ಕುದಿಯುತ್ತಿದೆ. ಹೊರಗೆ ತಂತಿಬೇಲಿಯ ಉದ್ದಕ್ಕೂ ಜನರ ಸಾಲು. ಪಾತ್ರೆಗಳ ಸದ್ದು ಬಿಟ್ಟರೆ ಮಾತಿಲ್ಲ. ಬಡಿಸುವ ಇಬ್ಬರಲ್ಲಿ ಒಬ್ಬರು, ಕುಳ್ಳಗಿನ ಹೆಂಗಸು, ಮಣೆಯ ಮೇಲೆ ನಿಂತು, ಉದ್ದ ಹಿಡಿಯ ಸೌಟನ್ನು ಹಂಡೆಯ ತಳಕ್ಕೆ ಇಳಿಸಿ, ಎರಡು ಸುತ್ತು ತಿರುಗಿಸಿ ಎತ್ತುತ್ತಾರೆ. ಪ್ರತಿ ಬಟ್ಟಲಿಗೂ ಎರಡು ಸುತ್ತು, ಒಂದು ಸೌಟು. ಸಾಲಿನಲ್ಲಿ ನಿಂತವರಿಗೆಲ್ಲ ಇವರು ಸೌಟಕ್ಕ.

“ಕಲಕದೆ ಬಡಿಸಿದ್ರೆ ಮೊದಲು ಬಂದೋರಿಗೆ ನೀರು, ಕೊನೆಗೆ ಬಂದೋರಿಗೆ ಅಗುಳು. ಮೊದಲನೇ ವಾರ ನಾನೂ ಹಾಗೇ ಮಾಡಿದ್ದೆ. ಜನ ಬಲೇ ಜಾಣರು ಸಾರ್, ಎಲ್ರೂ ಸಾಲಿನ ಬಾಲ ಹಿಡಿಯೋಕೆ ಹೊಡೆದಾಡಿದ್ರು,” ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ದಿನಕ್ಕೆ ಆರುನೂರ ನಲವತ್ತು ಬಟ್ಟಲು. ಎರಡು ವರ್ಷದ ಕೆಳಗೆ ಇದೇ ಜನ ನೂಲಿನ ಗಿರಣಿಗೆ, ಗಾಜಿನ ಕಾರ್ಖಾನೆಗೆ, ಬ್ಯಾಂಕಿಗೆ ಕೆಲಸಕ್ಕೆ ಹೋಗುತ್ತಿದ್ದವರು. ದೇಶದ ವ್ಯಾಪಾರವೆಲ್ಲ ಮಕಾಡೆ ಮಲಗಿದ ಮೇಲೆ ಎಲ್ಲವೂ ಒಂದೊಂದಾಗಿ ಬಾಗಿಲು ಹಾಕಿದವು. ಸೌಟಕ್ಕ ಗಿರಣಿಯ ಕ್ಯಾಂಟೀನಿನಲ್ಲಿದ್ದರು, ಗಂಡ ಬಾಯ್ಲರ್ ಮನೆಯಲ್ಲಿ. ಸರ್ಕಾರ ಪರಿಹಾರ ಕೇಂದ್ರ ತೆರೆದಾಗ, ಬಡಿಸಿ ಗೊತ್ತಿದ್ದವರೆಂದು ಇವರನ್ನು ಕರೆಯಿತು.

ಅಕ್ಕಪಕ್ಕದವರು ಹೊಟ್ಟೆ ಉರಿದುಕೊಂಡರು. ಉರಿದುಕೊಳ್ಳಬೇಕಾಗಿರಲಿಲ್ಲ. ಒಬ್ಬರಾದರೂ ದುಡಿಯುತ್ತಿರುವ ಮನೆಗೆ ಗಂಜಿಯ ಚೀಟಿ ಇಲ್ಲ ಎಂಬುದು ನಿಯಮ. ಸಂಬಳವೋ, ಮಂಜೂರಾಗಿದೆಯಂತೆ, ನಾಲ್ಕು ತಿಂಗಳಿಂದ ಮಂಜೂರಾಗಿಯೇ ಇದೆ. ಇವರ ಪಾಲಿಗೆ ಒಂದು ಬಟ್ಟಲು ಉಂಟು, ಆದರೆ ಅದನ್ನು ಇಲ್ಲೇ ನಿಂತು ಕುಡಿಯಬೇಕು, ಮನೆಗೆ ಒಯ್ಯುವಂತಿಲ್ಲ. ಊರಿಗೆಲ್ಲ ಬಡಿಸುವವರ ಮನೆಯಲ್ಲಿ ಒಲೆ ಹೊತ್ತುವುದು ದಿನ ಬಿಟ್ಟು ದಿನ, ಅದೂ ಮನೆಯ ಸಾಮಾನು ಒಂದೊಂದೇ ಮಾರಿ.

ಬಡಿಸುವಾಗ ಇವರು ಯಾರ ಮುಖವನ್ನೂ ನೋಡುವುದಿಲ್ಲ. “ಮುಖ ನೋಡಿದ್ರೆ ಕೈ ವಾಲುತ್ತೆ. ಪಾತ್ರೆ ಮಾತ್ರ ನೋಡ್ತೀನಿ.”

ಕಳೆದ ತಿಂಗಳು ಒಂದು ಪಾತ್ರೆಯೇ ಅವರ ಕೈ ತಡೆಯಿತು. ಗಿರಣಿಯಲ್ಲಿ ಊಟದ ಡಬ್ಬಿಗಳನ್ನೆಲ್ಲ ಬಾಯ್ಲರಿನ ಮೇಲೆ ಒಟ್ಟಿಗೆ ಬಿಸಿಗಿಡುತ್ತಿದ್ದರು. ಅದಲುಬದಲಾಗದಿರಲೆಂದು ಪ್ರತಿಯೊಬ್ಬರ ಡಬ್ಬಿಗೂ ಮೊಳೆಯಿಂದ ಚುಚ್ಚಿ ನಂಬರು ಹಾಕಿರುತ್ತಿದ್ದರು. ಅಂದು ಸೌಟಿನ ಕೆಳಗೆ ಬಂದ ಡಬ್ಬಿಯ ಮೇಲೆ 212 ಎಂದಿತ್ತು. ಆ ನಂಬರು ಚುಚ್ಚಿದವರು ಸೌಟಕ್ಕನೇ. ಊರು ಬಿಟ್ಟುಹೋದ ಪಕ್ಕದ ಮನೆಯವರ ಚೀಟಿ ಹಿಡಿದು ಗಂಡ ನಿಂತಿದ್ದರು. ಬಡಿಸುವವರು ನಮ್ಮವರಾದರೆ ಯಾವ ಪಂಕ್ತಿಯಲ್ಲಿ ಕೂತರೇನು ಎಂಬ ಗಾದೆಯನ್ನು ಅವರೂ ನಂಬಿದ್ದರೇನೋ.

“ಹಾಕಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಸಾರ್. ಆದ್ರೆ ಹಿಂದೆಯೇ ಬಾಣಂತಿಯೊಬ್ಬಳು ನಿಂತಿದ್ಲು, ಹಂಡೆ ತಳ ಕಾಣ್ತಿತ್ತು. ‘ಮುಂದಿನವ್ರು ಬನ್ನಿ’ ಅಂದುಬಿಟ್ಟೆ. ನಮ್ಮನೆಯವ್ರು ಖಾಲಿ ಡಬ್ಬೀನೇ ನಲ್ಲೀಲಿ ತೊಳ್ಕೊಂಡು ಹೋದ್ರು, ಉಂಡೋರ ಹಾಗೆ.”

 

ಅಂದಿನಿಂದ ಗಂಡ ಮನೆ ಬಿಟ್ಟು ಹೊರಬಂದಿಲ್ಲ; ಗೋಡೆಗೆ ಮುಖ ಮಾಡಿ ಮಲಗಿರುತ್ತಾರಂತೆ. ಸೌಟಕ್ಕ ತಮ್ಮ ಬಟ್ಟಲನ್ನು ಅರ್ಧಕ್ಕೇ ತುಂಬಿಕೊಳ್ಳುತ್ತಾರೆ.  ಕೆಲಸ ಬಿಟ್ಟರೆ ಚೀಟಿಯಾದರೂ ಸಿಗುವುದಿಲ್ಲವೇ ಎಂದರೆ, ತಾವಾಗಿ ಬಿಟ್ಟವರಿಗೆ ಅದೂ ಇಲ್ಲ. ಕೇಂದ್ರದ ಮೇಲ್ವಿಚಾರಕರನ್ನು ಕೇಳಿದೆ. “ನಿಯಮ ನಂದಲ್ಲ. ಮುಂದಿನ ತಿಂಗಳಿಂದ ಎರಡೇ ಹಂಡೆ. ಬಡಿಸೋ ಇಬ್ಬರಲ್ಲಿ ಒಬ್ಬರನ್ನ ತೆಗೀಬೇಕು, ಅದು ಬೇರೆ ತಲೆನೋವು,” ಎಂದು ಅವರು ಕಣ್ಣು ತಪ್ಪಿಸಿದರು.

ಆ ಸುದ್ದಿ ಸೌಟಕ್ಕನ ಕಿವಿಗೂ ಬಿದ್ದಿದೆ.

“ನನ್ನನ್ನೇ ತೆಗೀಲಿ ಅಂತ ದಿನಾ ಬೇಡ್ಕೋತಿದೀನಿ. ಆಗ ಚೀಟಿ ಸಿಗುತ್ತೆ. ಇವ್ರನ್ನ ಎಬ್ಬಿಸಿ ಕರ್ಕೊಂಡು ಬಂದು ಇದೇ ಸಾಲಲ್ಲಿ ಇಬ್ರೂ ನಿಂತ್ಕೋತೀವಿ,” ಎಂದು ಸೌಟನ್ನು ತೊಳೆದು ಮೊಳೆಗೆ ತೂಗುಹಾಕುತ್ತಾರೆ. “ಸೌಟು ಯಾರ ಕೈಗಾದ್ರೂ ಹೋಗ್ಲಿ ಸಾರ್. ತಳದಿಂದ ಕಲಕಿ ಹಾಕಿದ್ರೆ ಸಾಕು.”