ಕೋಳಿಗೆ ಚಪ್ಪಲಿ ತೊಡಿಸಿದವಳು

ಕಳೆದ ತಿಂಗಳು ಪೋಸ್ಟಿನಲ್ಲಿ ಬಂದ ಪುಸ್ತಕಕ್ಕೆ ಯಾವ ವಾಸನೆಯೂ ಇರಲಿಲ್ಲ. ನುಣುಪು ಹಾಳೆ, ಹೊಳೆಯುವ ರಟ್ಟು. ಆದರೆ ಮುಖಪುಟದ ಕೋಳಿಯನ್ನು ಕಂಡದ್ದೇ ನನ್ನ ಮೂಗಿಗೆ ಸೀಮೆಎಣ್ಣೆಯ ವಾಸನೆ ಹೊಡೆಯಿತು. ಮೂವತ್ತು ವರ್ಷದ ಹಿಂದೆ ಶಿರಸಿಯ ಒಂದು ಪ್ರೆಸ್ಸಿನಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ಅಲ್ಲಿ ಅಚ್ಚಿನ ಮೊಳೆ ತೊಳೆಯುತ್ತಿದ್ದದ್ದು ಸೀಮೆಎಣ್ಣೆಯಲ್ಲಿ. ಮನೆಗೆ ಬಂದು ಎರಡು ಸಲ ಸೋಪು ಹಾಕಿದರೂ ಅನ್ನ ಕಲೆಸುವಾಗ ಆ ವಾಸನೆ ಬರುತ್ತಿತ್ತು. ಮುಖಪುಟದ ಕೋಳಿಯ ಕಾಲಲ್ಲಿ ಚಪ್ಪಲಿ ಇತ್ತು. ಹವಾಯಿ ಚಪ್ಪಲಿ, ಎರಡು ಕಾಲಿಗೂ. ಅಂಥ ಕೋಳಿಯನ್ನು ಬರೆದವಳು ಈ ಪ್ರಪಂಚದಲ್ಲಿ ಒಬ್ಬಳೇ.

ಆ ಪುಸ್ತಕ ತರಿಸಿದ್ದೂ ಸಿಟ್ಟಿನಲ್ಲೇ. ಕಣ್ಣು ಕೈಕೊಟ್ಟ ಮೇಲೆ ನಾನು ಓದುವುದು ಕಡಿಮೆ, ಕೇಳುವುದು ಹೆಚ್ಚು. ತರಕಾರಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪುಸ್ತಕಗಳ ಬಗ್ಗೆ ಬರುವ ಒಂದು ಪಾಡ್‌ಕಾಸ್ಟ್ ಕೇಳುತ್ತೇನೆ. ಒಬ್ಬಳು ಹುಡುಗಿ ಅದನ್ನು ನಡೆಸುತ್ತಾಳೆ. ಲೇಖಕರನ್ನು ಮಾತಾಡಿಸುತ್ತಾಳೆ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರನ್ನು ಕರೆಸುತ್ತಾಳೆ, ಹೊಸದಾಗಿ ಬಂದ ಪುಸ್ತಕಗಳ ವಿಷಯ ಹೇಳುತ್ತಾಳೆ. ಒಳ್ಳೆಯ ಹುಡುಗಿ, ಓದಿಕೊಂಡಿದ್ದಾಳೆ, ಸುಳ್ಳು ಯಾಕೆ ಹೇಳಲಿ. ಚಿತ್ರ ಬರೆಯುವವರು ಬಂದರೆ ಯಾವ ಬಣ್ಣ, ಯಾವ ಕುಂಚ, ಬೆಳಿಗ್ಗೆ ಎಷ್ಟು ಹೊತ್ತಿಗೆ ಕೂರುತ್ತೀರಿ ಎಂದೆಲ್ಲ ವಿಚಾರಿಸುತ್ತಾಳೆ. ಒಬ್ಬರ ಹತ್ತಿರ ಅವರ ಬೆಕ್ಕಿನ ಹೆಸರನ್ನೂ ಕೇಳಿದಳು.

ಹೀಗಿರುವಾಗ ಒಂದು ದಿನ ಹಳೆಯ ಮಕ್ಕಳ ಪುಸ್ತಕವೊಂದು ಮತ್ತೆ ಅಚ್ಚಾಗಿ ಬಂದ ವಿಷಯ ಬಂತು. ಅದರ ಕತೆ ಬರೆದ ಲೇಖಕರು ನಮ್ಮ ಕಡೆಯವರೇ, ತೀರಿಕೊಂಡು ವರ್ಷಗಳಾದವು. ಹೊಸ ಪ್ರಕಾಶಕರು ಮಾತಾಡುತ್ತಿದ್ದರು. "ಇದರ ಚಿತ್ರಗಳು ಯಾರೋ ಅಜ್ಞಾತ ಜನಪದ ಕಲಾವಿದರದ್ದು. ಆ ಜನರಿಗೆ ಇದು ನನ್ನದು, ಇದಕ್ಕೆ ನನ್ನ ಹೆಸರು ಬೇಕು ಅನ್ನೋ ಆಸೆಯೇ ಇರಲಿಲ್ಲ ನೋಡಿ," ಎಂದರು. ಹುಡುಗಿ, "ಎಷ್ಟು ದೊಡ್ಡ ಗುಣ ಅಲ್ವಾ," ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಹೆಚ್ಚುತ್ತಿದ್ದ ಬೀನ್ಸು ಅಲ್ಲೇ ಬಿಟ್ಟು ಎದ್ದೆ. ಅಜ್ಞಾತವಂತೆ. ಅವಳು ನಮ್ಮ ಓಣಿಯ ಬಾಲವಾಡಿಯ ಆಯಾ. ನನ್ನ ಮಗಳ ಮೂಗು ಒರೆಸಿದವಳು. ಹೆಸರಿನ ಆಸೆ ಇರಲಿಲ್ಲವಂತೆ. ಇವರಿಗೆ ಯಾರು ಹೇಳಿದರು? ಅವಳು ಬಾಯಿಬಿಟ್ಟು ಕೇಳಿದ್ದನ್ನು ನಾನು ಇದೇ ಎರಡು ಕಿವಿಯಿಂದ ಕೇಳಿದ್ದೇನೆ.

"ಮೂವತ್ತು ವರ್ಷದ್ದು ಈಗೆಂತಕ್ಕೆ ಮಾರಾಯ್ತಿ? ಬಿಟ್ಹಾಕು," ಎಂದರು ನನ್ನ ಗಂಡ. ಬಿಟ್ಟುಹಾಕುವ ಜಾತಿ ನಾನಲ್ಲ. ಆ ಪುಸ್ತಕದಲ್ಲಿ ಅವಳ ಹೆಸರು ಹಾಕಿಸಿಯೇ ಸೈ ಎಂದು ಕೂತೆ. ಪುಸ್ತಕ ತರಿಸಿದೆ. ಪಾಡ್‌ಕಾಸ್ಟಿನವರಿಗೆ ಸಂದೇಶ ಕಳಿಸಿದೆ, ಒಂದಲ್ಲ, ಏಳು. ಕಡೆಗೆ ಆ ಹುಡುಗಿಯೇ ಫೋನ್ ಮಾಡಿದಳು. ಅವಳು ಬಾಯಿ ತೆಗೆಯುವ ಮೊದಲೇ ನಾನು ಝಾಡಿಸಿದೆ. ಬೆಕ್ಕಿನ ಹೆಸರು ಕೇಳುವ ನಿಮಗೆ ಮನುಷ್ಯರ ಹೆಸರು ಬೇಡವಾಯಿತೇ ಎಂದೆ. ಪಾಪ, ಅವಳು ಎಲ್ಲವನ್ನೂ ಕೇಳಿಸಿಕೊಂಡಳು. "ತಪ್ಪಾಯ್ತು ಮೇಡಂ. ಪ್ರಕಾಶಕರ ಹತ್ರ ನಾನೇ ಮಾತಾಡ್ತೀನಿ. ಮುಂದಿನ ಮುದ್ರಣದಲ್ಲಿ ಹಾಕಿಸೋಣ, ನಮ್ಮ ಕಾರ್ಯಕ್ರಮದಲ್ಲೂ ಹೇಳೋಣ. ಅವರ ಹೆಸರೇನು?" ಎಂದಳು.

ಆ ಹೆಸರು ನನಗೆ ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ, ನಾನು ಆ ಪೈಕಿ. ಅಷ್ಟು ಹೊತ್ತು ಊರೆಲ್ಲ ಕೇಳುವ ಹಾಗೆ ಕೂಗಿದ್ದು ಅದಕ್ಕೇ ಇರಬೇಕು.

ನಾಲ್ಕು ವರ್ಷ ದಿನಾ ಕಂಡ ಮುಖ. ಎತ್ತರದ ಹೆಂಗಸು, ಸಣಕಲು ಕೈ, ಸೀರೆಯನ್ನು ಮೊಣಕಾಲಿಗೆ ಸ್ವಲ್ಪ ಕೆಳಗೆ ಎತ್ತಿ ಕಟ್ಟಿ ನೀರು ಹೊರುತ್ತಿದ್ದಳು. ಆಯಾ, ಹುಡುಗಿಗೆ ಹಾಲು ಕುಡಿಸು. ಆಯಾ, ಇವತ್ತು ಇವಳಿಗೆ ನೆಗಡಿ. ಓಣಿಯ ನಾವೆಲ್ಲ ಹಾಗೇ ಕರೆದದ್ದು. ಅವಳು ನಮಗೆಲ್ಲ ಅಮ್ಮಾ ಎನ್ನುತ್ತಿದ್ದಳು, ನನಗಿಂತ ಹತ್ತು ವರ್ಷ ದೊಡ್ಡವಳಾದರೂ. ಆಗ ಏಕವಚನದಲ್ಲಿ ಕರೆದು ಈಗ 'ಅವರು' ಎಂದು ಬರೆದು ದೊಡ್ಡ ಮನುಷ್ಯಳಾಗುವ ನಾಟಕ ನನಗೆ ಬೇಡ. ಅವಳು ಎಂದೇ ಬರೆಯುತ್ತೇನೆ.

ಸಿದ್ದಾಪುರ ತಾಲೂಕಿನವಳು, ಕಾನಸೂರಿನ ಹತ್ತಿರದ ಹಳ್ಳಿ. ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವ ಮನೆತನ. ಬಾಲವಾಡಿಯ ಬೋಳು ಗೋಡೆ ಅವಳಿಗೆ ಸಹಿಸಲಾಗಲಿಲ್ಲ ಅಂತ ಕಾಣುತ್ತದೆ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟು ಕಲೆಸಿ, ಪುಂಡಿ ನಾರಿನ ತುದಿ ಜಜ್ಜಿ ಕುಂಚ ಮಾಡಿಕೊಂಡು ಬರೆಯತೊಡಗಿದಳು. ಅವರ ಮನೆಯ ಚಿತ್ತಾರದಲ್ಲಿ ಇರುವುದು ಗೆರೆ, ಏಣಿ, ಮದುಮಕ್ಕಳ ಪಲ್ಲಕ್ಕಿ. ಬಾಲವಾಡಿಯ ಗೋಡೆಗೆ ಅವಳು ಹಠ ಮಾಡುವ ಮಕ್ಕಳು ಹೇಳಿದ್ದನ್ನೆಲ್ಲ ಬರೆದಳು. ಕೋಳಿಗೆ ಮುಳ್ಳು ಚುಚ್ಚುತ್ತದೆ ಎಂದು ಒಂದು ಮಗು ಅತ್ತಿತು, ಚಪ್ಪಲಿ ತೊಡಿಸಿದಳು. ಮಗು ಸುಮ್ಮನಾಯಿತು. ಆ ಮಗು ನನ್ನ ಮಗಳೇ ಇರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ... ಖಾತ್ರಿ ಇಲ್ಲ.

ಲೇಖಕರು ಬಾಲವಾಡಿಯ ಯಾವುದೋ ಸಮಾರಂಭಕ್ಕೆ ಅತಿಥಿಯಾಗಿ ಬಂದವರು ಆ ಗೋಡೆ ನೋಡಿದರು. ತಿಂಗಳೊಳಗೆ ಕತೆ ಬರೆದರು: ಚಪ್ಪಲಿ ಹಾಕಿಕೊಂಡ ಕೋಳಿ ಶಾಲೆಗೆ ಸೇರುತ್ತದೆ. ಗೋಡೆಯಲ್ಲಿದ್ದುದನ್ನೇ ಸಾಲಾಗಿ ಹೇಳಿದರೆ ಕತೆ ಆಯಿತು. ಅದಕ್ಕೆ ಅವರಿಗೆ ಬಂದ ಹೊಗಳಿಕೆ ಅಷ್ಟಿಷ್ಟಲ್ಲ. ಅಚ್ಚಿಗೆ ನಮ್ಮ ಪ್ರೆಸ್ಸಿಗೇ ಕೊಟ್ಟರು, ಚಿತ್ರಗಳನ್ನು ಆಯಾಳ ಹತ್ತಿರ ಹಾಳೆಯ ಮೇಲೆ ಬರೆಸಿಕೊಂಡು ಬರುವ ಕೆಲಸ ನನ್ನ ತಲೆಗೆ ಬಂತು.

ಒಂದು ವಾರ, ಬಾಲವಾಡಿ ಬಿಟ್ಟ ಮೇಲೆ, ನಮ್ಮ ಜಗುಲಿಯ ಮೇಲೆ ಕೂತು ಬರೆದಳು. ಚಿತ್ರ ಅಚ್ಚೊತ್ತುವ ಬ್ಲಾಕು ಹುಬ್ಬಳ್ಳಿಯಲ್ಲಿ ಆಗಬೇಕು, ಅದಕ್ಕೆ ಬಿಳಿ ಹಾಳೆ, ಕಪ್ಪು ಮಸಿಯೇ ಬೇಕು. ಅವಳಿಗೆ ಮಸಿ ಒಗ್ಗಲಿಲ್ಲ. "ಇದು ಓಡ್ತದೆ ಅಮ್ಮ. ಹಿಟ್ಟಾದ್ರೆ ಹೇಳಿದಲ್ಲಿ ನಿಲ್ತದೆ," ಎಂದು ಗೊಣಗುತ್ತಲೇ ಹಾಳೆ ಮೇಲೆ ಹಾಳೆ ಹರಿದಳು. ನಾಲ್ಕನೆಯ ದಿನ ಮಸಿ ಅವಳ ಮಾತು ಕೇಳಿತು. ಹನ್ನೆರಡು ಚಿತ್ರ. ಕೊನೆಯದನ್ನು ಬಿಸಿಲಿಗೆ ಒಣಗಲಿಟ್ಟು, ಕೈ ತೊಳೆದುಕೊಂಡು ಬಂದು, ನನ್ನ ಮುಖ ನೋಡದೆ ಕೇಳಿದಳು. "ಪುಸ್ತಕದಾಗೆ ನನ್ ಹೆಸ್ರು ಬರ್ತದಾ ಅಮ್ಮ?"

"ಬರ್ತದೆ ಮತ್ತೆ. ಬರದೇ ಇರ್ತದಾ?" ಎಂದೆ. "ಹಂಗಾರೆ ನಮ್ಮ ಹುಡುಗಿ ಹತ್ರ ಓದಿಸ್ಬೇಕು," ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ನೋಡಿ, ಹೆಸರು ಬರುತ್ತದೆ ಎಂದು ಮಾತು ಕೊಟ್ಟವಳಿಗೆ, ನಿನ್ನ ಹೆಸರೇನು ಎಂದು ಕೇಳಲು ಎಷ್ಟು ಹೊತ್ತು ಬೇಕು? ಕೇಳಲಿಲ್ಲ. ಮೂರು ವರ್ಷ ಕಂಡವಳ ಹತ್ತಿರ ಈಗ ಹೆಸರು ಕೇಳುವುದು ಹೇಗೆ ಎನ್ನುವ ನಾಚಿಕೆ ಒಂದು ಕಡೆ. ಆಮೇಲೆ ನೋಡಿದರಾಯಿತು ಎನ್ನುವ ಸೊಕ್ಕು ಇನ್ನೊಂದು ಕಡೆ. ನಮ್ಮ ಕಡೆ ಹೆಂಗಸರನ್ನು ಯಾರ ಮನೆಯವಳು ಎಂದು ಕೇಳುವ ರೂಢಿ, ಹೆಸರು ಕೇಳುವ ರೂಢಿ ಇಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಸಮಜಾಯಿಷಿ ಕೊಟ್ಟಿದ್ದೇನೆ. ರೂಢಿಯಂತೆ, ಮಣ್ಣು. ಅದೇ ವರ್ಷ ಪ್ರೆಸ್ಸಿಗೆ ಬಂದ ಲೇಖಕಿಯರ ಹೆಸರನ್ನೆಲ್ಲ ಇನಿಷಿಯಲ್ ಸಮೇತ ಕೇಳಿ ಬರೆದುಕೊಂಡವಳು ನಾನೇ.

ಕೊನೆಯ ಪುಟಗಳ ಫಾರ್ಮು ಅಚ್ಚಿನ ಮಶೀನಿಗೆ ಹೋಗುವ ದಿನ ಮೊಳೆ ಜೋಡಿಸುವವರು ಕೇಳಿದರು. "ಚಿತ್ರಗಳು ಅಂತ ಹಾಕಿ ಚುಕ್ಕಿ ಇಟ್ಟೀರಿ. ಮುಂದೆಂತ ಹಾಕದು ಅಕ್ಕೋರೆ?" ಆಯಾ ಊರಲ್ಲಿರಲಿಲ್ಲ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯಲು ತವರಿಗೆ ಹೋಗಿದ್ದಳು. ಲೇಖಕರು ಅಲ್ಲೇ ಕುರ್ಚಿಯಲ್ಲಿದ್ದರು, ಅವರಿಗೆ ರಾಜ್ಯೋತ್ಸವದ ಬಿಡುಗಡೆಯ ಅವಸರ. "ಆಯಾ ಹೇಳಿ ಹಾಕಲೆ ಬತ್ತಾ? ಸಂಗ್ರಹ ಹೇಳಿ ಹಾಕು, ಸಾಕು," ಎಂದು ನಕ್ಕರು. ಅವರ ಮನೆಮಾತಿನಲ್ಲಿ 'ಹೇಳಿ' ಅಂದರೆ 'ಅಂತ'. ಬಾಲವಾಡಿ ಪ್ರೆಸ್ಸಿನಿಂದ ಹತ್ತು ನಿಮಿಷದ ದಾರಿ. ಅಲ್ಲಿ ಟೀಚರ್ ಇದ್ದರು, ಹಾಜರಿ ಪುಸ್ತಕ ಇತ್ತು, ಅದರಲ್ಲಿ ಅವಳ ಹೆಸರಿತ್ತು. ನಾನು ಹೋಗಲಿಲ್ಲ. ಕೆಂಪು ಶಾಯಿಯಲ್ಲಿ ನನ್ನ ಕೈಯಾರೆ ಬರೆದೆ, ಚಿತ್ರಗಳು: ಸಂಗ್ರಹ. ಯಾರ ಸಂಗ್ರಹ? ಎಲ್ಲಿಂದ ಸಂಗ್ರಹ? ಕಾಮಾ ತಪ್ಪಿದರೆ ಲೇಖಕರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ ನಾನು ಅವತ್ತು ತುಟಿ ಬಿಚ್ಚಲಿಲ್ಲ.

ಪುಸ್ತಕ ಬಂದ ಮೇಲೆ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟು, ಮನೆಯಲ್ಲಿ ಒಲೆ ಮೇಲೆ ಹಾಲಿಟ್ಟು ಬಂದವಳ ಹಾಗೆ ಓಡಿಬಂದೆ. ಎಂಟು ದಿನ ಅವಳ ಕಣ್ಣು ತಪ್ಪಿಸಿದೆ. ಒಂಬತ್ತನೆಯ ದಿನ ಅವಳೇ ಬಾಗಿಲಿಗೆ ಬಂದಳು, ಕಂಕುಳಲ್ಲಿ ಒಂದು ದೊಡ್ಡ ಮೊಗೆಕಾಯಿ. "ಊರಿಂದ ತಂದೆ. ನಿಮ್ ಉಪಕಾರ ಮರೆಯೂದಿಲ್ಲ ಅಮ್ಮ," ಎಂದಳು. ಮುಖ ತುಂಬ ನಗು. ಹೆಸರಿಲ್ಲದ್ದು ಅವಳಿಗೆ ಲೆಕ್ಕಕ್ಕೇ ಇಲ್ಲ, ನಾನೇ ಸುಮ್ಮನೆ ಹೆದರಿದೆ ಎಂದುಕೊಂಡೆ. ಮೊಗೆಕಾಯಿಯ ಹುಳಿ ಮಾಡಿ ಉಂಡೆವು. ಎಂಥ ದೊಡ್ಡ ಮನಸ್ಸು ಎಂದು ಗಂಡನ ಎದುರು ಹೊಗಳಿದೆ ಕೂಡ. ಆ ಪ್ರಕಾಶಕರು ಪಾಡ್‌ಕಾಸ್ಟಿನಲ್ಲಿ ಹೇಳಿದರಲ್ಲ, ಹೆಚ್ಚುಕಡಿಮೆ ಅದೇ ಮಾತು.

ಮರುವರ್ಷ ಅವಳು ಕೆಲಸ ಬಿಟ್ಟು ಊರಿಗೆ ಹೋದಳು. ಎಷ್ಟೋ ವರ್ಷದ ಮೇಲೆ ತೀರಿಹೋದಳು ಎಂದು ಯಾರೋ ಸಂತೆಯಲ್ಲಿ ಹೇಳಿದರು. ಛೆ ಎಂದೆ, ಸೊಪ್ಪು ಆರಿಸಿದೆ...

ಈಗ ಹುಡುಕಲು ಹೊರಟರೆ ಬಾಲವಾಡಿಯ ಕಟ್ಟಡ ಇಲ್ಲ, ಟೀಚರ್ ಇಲ್ಲ. ಹಳೆಯ ಓಣಿಯಲ್ಲಿ ಹಾಲು ಹಾಕುವವರು ಹೇಳಿದರು, ಅವಳ ಮಗಳು ದಾಸನಕೊಪ್ಪದಲ್ಲಿ ಟೇಲರಿಂಗ್ ಅಂಗಡಿ ಇಟ್ಟಿದ್ದಾಳೆ ಎಂದು. ಹೊಸ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬನವಾಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪ್ರಕಾಶಕರನ್ನು, ಸತ್ತ ಲೇಖಕರನ್ನು ಮನಸ್ಸಿನಲ್ಲೇ ಬೈದುಕೊಂಡು, ಮಗಳ ಎದುರು ಏನೇನು ಹೇಳಬೇಕು ಎಂದು ಜೋಡಿಸಿಕೊಂಡೆ.

ಮಗಳು ಶಾಲೆಯ ಯೂನಿಫಾರ್ಮಿಗೆ ಅಂಚು ಹೊಲಿಯುತ್ತಿದ್ದಳು. "ಬರ್ರಿ, ಕೂತ್ಕಳ್ರಿ," ಎಂದು ಸ್ಟೂಲು ಸರಿಸಿದಳು. ನಾನು ಯಾರೆಂದು ಹೇಳಿದೆ. ಪುಸ್ತಕ ತೋರಿಸಿದೆ. ಆದ ಅನ್ಯಾಯವನ್ನೆಲ್ಲ ಹೇಳಿ, ನಿಮ್ಮ ತಾಯಿಯ ಹೆಸರು ಕೊಡಿ, ಹಾಕಿಸಿಯೇ ಹಾಕಿಸುತ್ತೇನೆ ಎಂದೆ. ಅವಳು ಮಶೀನು ನಿಲ್ಲಿಸಿ, ಪುಸ್ತಕ ಮುಟ್ಟದೆ, ನನ್ನನ್ನೇ ನೋಡಿದಳು.

"ಅವತ್ತು ಅವ್ವ ಪುಸ್ತಕ ತಂದು, ನನ್ ಹೆಸ್ರು ಎಲ್ಲೈತೆ ಓದು ಅಂದ್ಲು. ನಾನು ಮೂರ್ನೇ ಕ್ಲಾಸು. ಈ ರಟ್ಟಿಂದ ಆ ರಟ್ಟಿನತನ ನೋಡ್ದೆ. ಇರ್ಲಿಲ್ಲ. ಅವ್ವ ನನ್ ಮುಖಾನೇ ನೋಡ್ತಿದ್ಲು. ಎಂತ ಮಾಡದು? ಯಾವ್ದೋ ಒಂದು ಸಾಲಿನ ಮೇಲೆ ಬೆರಳಿಟ್ಟು, ಇಲ್ಲೈತೆ ನೋಡವ್ವ ಅಂದೆ."

ನಗುತ್ತ ನಮ್ಮ ಬಾಗಿಲಿಗೆ ಬಂದವಳ ಮುಖ ಆಗ ಅರ್ಥವಾಯಿತು. ಮಗಳು ಹೇಳುತ್ತಲೇ ಇದ್ದಳು. "ಸಾಯೋತನ ಬಂದೋರಿಗೆಲ್ಲ ಆ ಸಾಲು ತೋರಿಸ್ತಿದ್ಲು. ಓದು ಬಂದೋರು ಬಂದ್ರೆ ನಾನು ಹಿಂದೆ ನಿಂತು ಕಣ್ಣು ಮಾಡ್ತಿದ್ದೆ, ಹೇಳ್ಬ್ಯಾಡಿ ಅಂತ. ಯಾರೂ ಹೇಳ್ಲಿಲ್ಲ."

ಈಗಲಾದರೂ ಸರಿ ಮಾಡೋಣ ಎಂದೆ.

"ಯಾರಿಗೆ ಸರಿ ಮಾಡದು ಅಮ್ಮ? ಅವ್ವಂಗೆ ತಪ್ಪಾಗೈತೆ ಅಂತ್ಲೇ ಗೊತ್ತಿರ್ಲಿಲ್ಲ," ಎಂದಳು. ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. "ಹೆಸ್ರು ಹೇಳದಾದ್ರೆ ನಾನು ಹೇಳ್ತೀನಿ, ಹೇಳ್ಬೇಕು ಅನ್ಸಿದ ದಿನ. ನಿಮ್ ಕೈಗೆ ಕೊಡಾದಿಲ್ಲ." ದನಿ ಏರಿಸಲಿಲ್ಲ. ಚಾ ಕುಡಿದು ಹೋಗಿ ಎಂದಳು. ಕುಡಿದೆ.

ಮತದಾರರ ಹಳೆಯ ಪಟ್ಟಿ ತೆಗೆಸಿದರೆ ಹೆಸರು ಸಿಕ್ಕೇ ಸಿಗುತ್ತದೆ ಎಂದು ಗಂಡ ಹೇಳುತ್ತಾರೆ. ಸಿಗುತ್ತದೆ, ಗೊತ್ತು. ಮೊದಲು ಚಿತ್ರ ತೆಗೆದುಕೊಂಡು ಹೋದೆವು, ಈಗ ಹೆಸರನ್ನೂ ಕೇಳದೆ ತೆಗೆದುಕೊಂಡು ಬರಬೇಕೇ? ಆ ಕೆಲಸ ನಾನು ಮಾಡುವುದಿಲ್ಲ. ಈ ಬರಹದಲ್ಲಿ ಅವಳ ಹೆಸರಿಲ್ಲದ್ದಕ್ಕೂ ಅದೇ ಕಾರಣ. ಸಿಟ್ಟು ಮಾತ್ರ ಇಳಿದಿಲ್ಲ, ಬಯ್ಯಲು ಹೊರಗೆ ಯಾರೂ ಸಿಗುತ್ತಿಲ್ಲ ಅಷ್ಟೆ.

ನಿನ್ನೆ ಆ ಪಾಡ್‌ಕಾಸ್ಟಿನ ಹುಡುಗಿ ಮತ್ತೆ ಫೋನ್ ಮಾಡಿದಳು. ಹೆಸರು ಸಿಕ್ಕಿತೇ ಎಂದು ಕೇಳಿದಳು. ಇಲ್ಲ ಎಂದೆ. ಯಾರಿಗೂ ಗೊತ್ತಿಲ್ಲವೇ ಎಂದಳು. ಅವಳ ಮಗಳಿಗೆ ಗೊತ್ತಿದೆ, ನನಗೆ ಹೇಳುವುದಿಲ್ಲ ಅಂದಳು ಎಂದೆ.

"ಯಾಕೆ ಮೇಡಂ?"

"ಮೂವತ್ತು ವರ್ಷದ ಹಿಂದೆ ಅವಳ ತಾಯಿ ಹೇಳಲಿಕ್ಕೆ ತಯಾರಿದ್ದಳು. ನಾನು ಕೇಳಲಿಲ್ಲ," ಎಂದೆ.