ದೇವಪುತ್ರ ಮಿಸ್ತ್ರಿ ಹುಡುಕಿದ ಸಪ್ಪಳ

ಗಾಡಿಯ ಸಪ್ಪಳವನ್ನು ನೀವು ಬಾಯಿಂದ ಮಾಡಿ ತೋರಿಸುವ ತನಕ ದೇವಪುತ್ರ ಮಿಸ್ತ್ರಿ ಬಾನೆಟ್ ಎತ್ತುತ್ತಿರಲಿಲ್ಲ. ಧಾರವಾಡದ ಟೋಲ್ ನಾಕಾ ಹತ್ತಿರ, ಬೇವಿನ ಮರದ ಬುಡದಲ್ಲಿ ಅವರ ಗ್ಯಾರೇಜು. ಹತ್ತಿ ವ್ಯಾಪಾರಿಗಳು, ವಕೀಲರು, ಒಮ್ಮೆ ಚರ್ಚಿನ ಪಾದ್ರಿಗಳು ಕೂಡ ಅಲ್ಲಿ ನಿಂತು "ಕರ್ರ್... ಟಪಕ್" ಎಂದು ಕೂಗಿದ್ದನ್ನು ನಾನು ಕಂಡಿದ್ದೇನೆ. ಯಾರೂ ನಗುವಂತಿರಲಿಲ್ಲ. ಮಿಸ್ತ್ರಿ ಅವರ ಬಾಯನ್ನೇ ನೋಡುತ್ತ ನಿಂತು, ಆಮೇಲೆ ತಾವೂ ಅದೇ ಸಪ್ಪಳ ಮಾಡಿ, "ಹಿಂಗ ಏನ್ರಿ? ಇಲ್ಲಾ ಕೊನೀಗೆ ಜರಾ ಎಳೀತೈತೇನು?" ಎಂದು ವಿಚಾರಿಸುತ್ತಿದ್ದರು. "ಗಾಡಿ ತನ್ನ ತ್ರಾಸ ತಾನ ಹೇಳತೈತ್ರಿ. ಮಂದಿಗೆ ಕೇಳೂ ವ್ಯವಧಾನ ಇಲ್ಲ," ಎನ್ನುವುದು ಅವರ ಮಾತು.

ನಾನು ಪಶುವೈದ್ಯೆ. ಮಳೆಗಾಲದಲ್ಲಿ ಅಮ್ಮಿನಬಾವಿಯ ಎರೆಹೊಲಕ್ಕೆ ಇಳಿಯಬೇಕಾದರೆ ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕು. ನನ್ನ ಹಳೆಯ ಜೀಪನ್ನು ಹನ್ನೊಂದು ವರ್ಷ ನೋಡಿಕೊಂಡವರು ಅವರೊಬ್ಬರೇ. ಒಮ್ಮೆ ಕರು ಹಾಕಲಾಗದೆ ಒದ್ದಾಡುತ್ತಿದ್ದ ಆಕಳೊಂದರ ಬಳಿಗೆ ಹೊರಟಾಗ ಜೀಪು ದಾರಿಯಲ್ಲೇ ಕೆಟ್ಟು ನಿಂತಿತ್ತು. ಭಾನುವಾರದ ಪ್ರಾರ್ಥನೆಯ ನಡುವೆ ಫೋನು ಹೋದರೂ ಎದ್ದು ಬಂದಿದ್ದರು. ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ಮಲಗಿ, "ಅಕ್ಕಾರ, ಇದೂ ಪ್ರಾರ್ಥನಾನ ರಿ," ಎಂದಿದ್ದರು.

ಹೋದ ವರ್ಷದ ಮಳೆಗಾಲದಲ್ಲಿ ಜೀಪು ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನಿಂದ "ಟಕ್... ಟಕ್" ಎನ್ನತೊಡಗಿತು. ಗ್ಯಾರೇಜಿಗೆ ಹೋಗಿ ಬಾಯಿಂದ ಮಾಡಿ ತೋರಿಸಿದೆ. ಮಿಸ್ತ್ರಿ "ಗರ್ರ್" ಎಂದರು. ಅಲ್ಲವೆಂದು ಮತ್ತೆ ತೋರಿಸಿದೆ. ಈ ಸಲ "ಕಿರ್ರ್" ಎಂದರು. ನನಗೆ ವಿಚಿತ್ರವೆನಿಸಿತು, ಅಷ್ಟೇ. ಎರಡು ದಿನ ಸ್ಪ್ರಿಂಗು ಬಿಚ್ಚಿದರು, ಶಾಫ್ಟು ಬಿಚ್ಚಿದರು. ಸಂಜೆ ನಾನು ಗಾಡಿ ಒಯ್ಯುವಾಗ ಸಪ್ಪಳ ಹಾಗೇ ಇರುತ್ತಿತ್ತು. "ನಾಳಿಗೆ ಬರ್ರಿ," ಎನ್ನುತ್ತಿದ್ದರು, ಮುಖ ನೋಡದೆ.

ಮೂರನೆಯ ದಿನ ಗ್ಯಾರೇಜಿನ ಹಿಂದಿನ ಬಯಲಲ್ಲಿ ಜೀಪನ್ನು ಮೆಲ್ಲಗೆ ಸುತ್ತು ಹೊಡೆಸಲು ನನಗೆ ಹೇಳಿ, ತಾವು ಬಲಗಡೆಯ ಮುಂದಿನ ಮಡ್‌ಗಾರ್ಡಿನ ಮೇಲೆ ಅಂಗೈಯಿಟ್ಟು ಜೊತೆಗೇ ನಡೆದರು. ದನದ ಹೊಟ್ಟೆಯ ಮೇಲೆ ನಾನು ಕೈಯಿಡುವ ಹಾಗೆ. ನಾನು ಮೂರು ಸಲ "ಮಿಸ್ತ್ರಿ!" ಎಂದು ಕರೆದೆ. ತಿರುಗಲಿಲ್ಲ. ಗಾಡಿ ನಿಲ್ಲಿಸಿ ಇಳಿದು, ಅವರ ಎದುರಿಗೆ ನಿಂತು ಕೇಳಿದೆ: "ನಿಮಗ ಕಿವಿ ಕೇಳಂಗಿಲ್ಲೇನ್ರಿ?"

"ಎರಡ ವರ್ಷಾತ್ರಿ, ಅಕ್ಕಾರ. ದಿನಾ ಜರಾ ಜರಾ ಕಡಿಮಿ ಆಕ್ಕೋಂತ ಬಂತು," ಎಂದರು. ಅಂಗೈ ಇನ್ನೂ ಜೀಪಿನ ಮೇಲೇ ಇತ್ತು. "ಆದ್ರ ಸಪ್ಪಳ ಸಿಕ್ಕೇತಿ. ಈ ಗಾಲ್ಯಾಗ ಐತಿ."

ಜಾಕು ಕೊಟ್ಟು ಎತ್ತಿ ಅಲುಗಾಡಿಸಿದರೆ ಗಾಲಿ ಸಡಿಲಾದ ಹಲ್ಲಿನಂತೆ ಅಲ್ಲಾಡಿತು. ಗಾಲಿಯನ್ನು ಹಿಡಿದಿಡುವ ನಟ್ಟು ಸಡಿಲಾಗಿ, ಕಳಚಿ ಬೀಳಲು ಇನ್ನೊಂದೇ ಸುತ್ತು ಉಳಿದಿತ್ತು. ನಟ್ಟು ಸಡಿಲಾಗದಿರಲು ಅದರ ಹಿಂದಿನ ವಾಷರಿನ ಅಂಚನ್ನು ಮಡಚಬೇಕಂತೆ. ಮಡಚಿರಲಿಲ್ಲ. ಹದಿನೈದು ದಿನಗಳ ಹಿಂದೆ ಆ ಗಾಲಿಗೆ ಗ್ರೀಸು ತುಂಬಿದವರು ಮಿಸ್ತ್ರಿಯೇ. ಸುಮ್ಮನೆ ಸರಿಮಾಡಿ ಮುಚ್ಚಿಬಿಟ್ಟಿದ್ದರೆ ನನಗೆ ಯಾವ ಕಾಲಕ್ಕೂ ತಿಳಿಯುತ್ತಿರಲಿಲ್ಲ. ಅವರು ನನ್ನನ್ನು ಹತ್ತಿರ ಕರೆದು, ವಾಷರನ್ನು ಅಂಗೈಮೇಲಿಟ್ಟು, "ಇದು ನನ್ನ ತಪ್ಪರಿ. ಮಡಚೂದು ಮರತೀನಿ," ಎಂದರು.

ಹಿಂದಿನ ಸಂಜೆಯಷ್ಟೇ ಆ ಜೀಪಿನಲ್ಲಿ ಅವ್ವನನ್ನೂ ತಂಗಿಯ ಎರಡು ಮಕ್ಕಳನ್ನೂ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಬಂದಿದ್ದೆ. ಗಾಲಿ ಕಳಚಿ ಹೋಗುವುದು ಕಣ್ಣಿಗೆ ಕಟ್ಟಿತು. ಗ್ಯಾರೇಜಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರ ಎದುರಿಗೇ ಕಿರುಚಿದೆ: "ಕಿವುಡರಾಗಿ ಈ ಕೆಲಸಾ ಯಾಕ ಮಾಡ್ತೀರಿ? ಮಂದೀನ್ನ ಕೊಲ್ಲಾಕ?"

ಅಷ್ಟು ಜೋರಾಗಿ ಕೂಗಿದ್ದು ಅವರಿಗೂ ಕೇಳಿಸಿತು. ಹೊಸ ವಾಷರು ಹಾಕಿ, ಅಂಚು ಮಡಚಿ, ನನ್ನ ಬೆರಳನ್ನೇ ಅದರ ಮೇಲೆ ಆಡಿಸಿ ಖಾತ್ರಿ ಮಾಡಿಸಿದರು.

ಆಮೇಲೆ ನಾನು ಹುಬ್ಬಳ್ಳಿಯ ಬೇರೊಂದು ಗ್ಯಾರೇಜಿಗೆ ಹೋಗತೊಡಗಿದೆ. ಟೋಲ್ ನಾಕಾ ದಾಟುವಾಗ ಕಣ್ಣು ಹಾಯುತ್ತಿತ್ತು. ಬೇವಿನ ಮರದ ಕೆಳಗೆ ಮೊದಲು ಐದಾರು ಗಾಡಿ, ಆಮೇಲೆ ಎರಡು, ಆಮೇಲೆ ಬರೀ ನೆರಳು. ನಾಲ್ಕು ತಿಂಗಳ ನಂತರ ಧೈರ್ಯಮಾಡಿ ಇಳಿದೆ. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಗೋಣಿಚೀಲದಲ್ಲಿ ಹಾಕುತ್ತಿದ್ದರು. ಚಹಾ ತರಿಸಿದರು. ಅಂದು ಆಡಿದ್ದು ತಪ್ಪಾಯಿತು ಎಂದು, ಅವರಿಗೆ ಬಾಯಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ.

"ಬೈದದ್ದು ತಪ್ಪಲ್ರಿ," ಎಂದರು. "ಆದ್ರ ಮರತದ್ದು ನನ್ನ ಕೈ, ಅಕ್ಕಾರ. ಕಿವಿ ಅಲ್ಲ. ನೀವು ಕಿವಿಗೆ ಬೈದ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಚಹಾ ಆರಾಕತ್ತೈತಿ, ಕುಡೀರಿ," ಎಂದರು. ಕುಡಿದು ಎದ್ದೆ. ಅವರನ್ನು ಕಂಡದ್ದು ಅದೇ ಕೊನೆ.

ಈ ಬೇಸಿಗೆಯಲ್ಲಿ ಮುಗದ ಎಂಬ ಹಳ್ಳಿಯಲ್ಲಿ ಎಮ್ಮೆಯೊಂದಕ್ಕೆ ಸೂಜಿ ಹಾಕುತ್ತಿದ್ದಾಗ ಅದರ ಹಗ್ಗ ಹಿಡಿದು ನಿಂತಿದ್ದ ರೈತ ನನ್ನ ಜೀಪಿನ ಕಡೆ ನೋಡುತ್ತ, "ಟೋಲ್ ನಾಕಾದ ಕಿವುಡ ಮಿಸ್ತ್ರಿ ತೀರ್ಕೊಂಡ್ರಂತಲ್ರಿ, ಗೊತ್ತಾತೇನ್ರಿ?" ಎಂದ.

ಹನ್ನೊಂದು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ.

"ಅವರ ಹೆಸರು ದೇವಪುತ್ರ," ಎಂದೆ.

"ಹೌದೇನ್ರಿ?" ಎಂದ ಅವನು. "ನಮ್ಮ ಕಡೆ ಕಿವುಡ ಮಿಸ್ತ್ರಿ ಅಂದ್ರನ ಗೊತ್ತಾಗೂದ್ರಿ."